ಕಾಗದ ಬರೆದ ಮೇಲೆ ಗೊಂಬೆ

೪ ಅಕ್ಟೋಬರ್ ೧೯೪೮, ಸೋಮವಾರ, ಶಹಾಪುರ

ಹುಡುಗಿಯ ತಲೆ ತುಂಬ ಹೇನು. ಮೂರು ದಿನದಿಂದ ಸೀಮೆಎಣ್ಣೆ ಹಚ್ಚಿ ಬಾಚುತ್ತಿದ್ದೇನೆ, ಮುಗಿಯುತ್ತಿಲ್ಲ. ಒಬ್ಬಳೇ ಇದ್ದು ರೂಢಿಯಾದವಳಿಗೆ ಮನೆಯಲ್ಲಿ ಎರಡನೇ ತಾಟು ಕಂಡರೂ ಕಿರಿಕಿರಿ.

ತಪ್ಪು ನನ್ನದೇ. ಹೊಳೆ ದಾಟಿಸುವ ಅಂಬಣ್ಣ ಈಕೆಯನ್ನು ಮೀನಿನ ಬುಟ್ಟಿಯ ಮರೆಯಲ್ಲಿ ಕೂರಿಸಿಕೊಂಡು ಬಂದಾಗಲೇ ಆಗುವುದಿಲ್ಲ ಎನ್ನಬೇಕಿತ್ತು. ನಿಜಾಮರ ರಾಜ್ಯ ಹೋಯಿತು, ಇಂಡಿಯಾದ ದಂಡು ಬಂತು, ಇನ್ನು ನೆಮ್ಮದಿ ಎಂದುಕೊಂಡೆವು. ಹೋದ ತಿಂಗಳವರೆಗೆ ರಜಾಕಾರರು ಊರು ಸುಡುತ್ತಿದ್ದರು. ಈಗ ಅವರ ಪಾಪಕ್ಕೆ ಏನೂ ಅರಿಯದ ಮುಸಲ್ಮಾನರ ಮನೆಗಳು ಉರಿಯುತ್ತಿವೆ.

"ಇಕಿ ಅವ್ವ ಮೊದಲಿನ ಹರಗೋಲದಾಗ ದಾಟ್ಯಾಳ್ರಿ ಬಾಯಾರ. ಇಕೀನ್ನ ಎರಡನೇದ್ರಾಗ ಒಯ್ಯಬೇಕು ಅನ್ನೂದ್ರಾಗ ದಂಡಿ ಮ್ಯಾಲ ಮಂದಿ ಬಡಿಗಿ ಹಿಡಕೊಂಡು ಬಂದ್ರು. ಎರಡು ದಿನ ಇಟ್ಕೋರಿ" ಎಂದ.

"ಊರಾಗ ಇಷ್ಟು ಮನಿ ಅದಾವ. ನನ್ನ ಮನೀನಽ ಬೇಕಾಗಿತ್ತೇನು?"

"ಕಿರಸ್ತಾನರ ಮನಿಗೆ ಈ ಕಡಿಯವ್ರೂ ಬರಂಗಿಲ್ಲ, ಆ ಕಡಿಯವ್ರೂ ಬರಂಗಿಲ್ಲರಿ."

ಎರಡು ದಿನ ಎಂದವನು ಹತ್ತು ದಿನವಾದರೂ ಪತ್ತೆಯಿಲ್ಲ. ಹುಡುಗಿಯ ಹೆಸರು ಚಾಂದಬೀ, ಎಂಟು ವರ್ಷ. ತಾಯಿ ಮದೀನಾಬೀ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಅಪ್ಪ ಕೆಂಭಾವಿ ಸಂತೆಯ ಬಳೆಗಾರ. ನನ್ನ ಗಂಡ ಇದ್ದಾಗ ನಾನೂ ಒಮ್ಮೆ ಅವನ ಹತ್ತಿರ ಬಳೆ ಇಡಿಸಿಕೊಂಡಿದ್ದೆ. ಸಾಬೂನು ನೀರು ಹಚ್ಚಿ, ನೋಯದ ಹಾಗೆ ಏರಿಸುತ್ತಿದ್ದ. ಅವನನ್ನು ಅವನ ಮನೆಯ ಮುಂದೆಯೇ ಕೊಂದರಂತೆ. ಹುಡುಗಿ ಅದನ್ನು ನೋಡಿದ್ದಾಳೆ. ಆ ಮಾತು ಮಾತ್ರ ಎತ್ತುವುದಿಲ್ಲ. ನಾನೂ ಕೇಳುವುದಿಲ್ಲ.

೧೧ ಅಕ್ಟೋಬರ್, ಸೋಮವಾರ

ಪಕ್ಕದ ಮನೆಯ ಭೀಮಾಬಾಯಿ ಗೋಡೆಯ ಮೇಲಿಂದ ಇಣುಕಿ, "ಯಾರ ಕೂಸದು?" ಎಂದಳು. ಯಾದಗಿರಿ ಮಿಶನ್ ಬೋರ್ಡಿಂಗಿನ ಅನಾಥ ಹುಡುಗಿ, ಹೆಸರು ಸುಗುಣಾ ಎಂದೆ. ಬಾಯಿಗೆ ಬಂದದ್ದು ಅದೇ. ಭೀಮಾಬಾಯಿ ನನ್ನ ಮುಖ ನೋಡಿ, ಹುಡುಗಿಯ ಕಿವಿಯಂಚಿನಲ್ಲಿ ಮುಸಲ್ಮಾನರು ಚುಚ್ಚಿಸುವ ಸಾಲು ತೂತು ನೋಡಿ, "ಹೌದೇನು, ಚಲೋ ಹೆಸರು" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ರೊಟ್ಟಿ, ಪುಂಡಿಪಲ್ಯ ಗೋಡೆಯ ಮೇಲಿಟ್ಟಳು. ಊರೆಲ್ಲ ಕೆಟ್ಟಿಲ್ಲ.

ಸುಗುಣಾ ಎಂದರೆ ಹುಡುಗಿ ತಿರುಗಿಯೂ ನೋಡುವುದಿಲ್ಲ. ಹಟಮಾರಿ. ನಾನೂ ಏಳು ವರ್ಷದವಳಾಗಿ ಮಾನಮ್ಮ ಎಂದು ಬೋರ್ಡಿಂಗಿಗೆ ಹೋದವಳು, ಅನ್ನಮ್ಮ ಆಗಿ ಹೊರಗೆ ಬಂದೆ. ಸತ್ತೆನೇನು?

೨೯ ಅಕ್ಟೋಬರ್, ಶುಕ್ರವಾರ

ನಾಲ್ಕು ದಿನದಿಂದ ಅವಳಿಗೆ ಚಳಿಜ್ವರ. ಕ್ವಿನೀನು ಕುಡಿಸಿದರೆ ಉಗುಳುತ್ತಾಳೆ, ನನ್ನ ಸೀರೆಯ ಮೇಲೆಯೇ. ಇಂದು ಜ್ವರದ ಅಮಲಿನಲ್ಲಿ ನನ್ನ ಕೈ ಹಿಡಿದು "ಅಮ್ಮೀ" ಎಂದಳು. ಶಾಲೆಯ ಮಕ್ಕಳು ಅಕ್ಷರಕ್ಕೆ ಒಂದು ಕೊಂಬು ತಪ್ಪಿದರೂ ತಿದ್ದುವವಳು ನಾನು. ಅದನ್ನು ತಿದ್ದಲಿಲ್ಲ.

ಕಂಬಳಿಗಾಗಿ ಟ್ರಂಕು ತೆರೆದಾಗ ಗೊಂಬೆಯ ಪೆಟ್ಟಿಗೆ ಸಿಕ್ಕಿತು. ಎಷ್ಟು ವರ್ಷವಾಯಿತೋ ಅದನ್ನು ಮುಟ್ಟಿ. ಮೂವತ್ತು ವರ್ಷದ ಹಿಂದಿನ ಕ್ರಿಸ್‌ಮಸ್ಸು ಮೂಗಿಗೇ ಬಡಿಯಿತು: ಕರ್ಪೂರದ ಗುಳಿಗೆ, ಹಳೇ ಕಾಗದ, ಸಾಬೂನು.

ಬೋರ್ಡಿಂಗಿಗೆ ಅಮೆರಿಕಾದಿಂದ ಹಡಗಿನಲ್ಲಿ ಉಡುಗೊರೆ ತುಂಬಿದ ಮರದ ಪೀಪಾಯಿ ಬರುತ್ತಿತ್ತು. ಡಿಸೆಂಬರಿನಲ್ಲಿ ಅದು ಬೋರ್ಡಿಂಗ್ ನಡೆಸುತ್ತಿದ್ದ ದೊರೆಸಾನಿ ಮಿಸ್ಸಮ್ಮನ ಬಂಗಲೆಯ ಪಡಸಾಲೆಯಲ್ಲಿ ಕೂತಿತೆಂದರೆ ನಮಗ್ಯಾರಿಗೂ ನಿದ್ದೆಯಿಲ್ಲ. ಹಬ್ಬದ ದಿನ ಬೇವಿನ ಕೊಂಬೆ ನೆಟ್ಟು, ಒಬ್ಬೊಬ್ಬರದೇ ಹೆಸರು ಕೂಗಿ ಕೊಡುತ್ತಿದ್ದರು. ಒಬ್ಬಳಿಗೆ ಬಣ್ಣದ ಸೀಸದಕಡ್ಡಿ, ಒಬ್ಬಳಿಗೆ ತಗಡಿನ ಪೀಪಿ. ನನ್ನ ಗೆಳತಿ ಮಲಕಮ್ಮನಿಗೆ ಗುಲಾಬಿ ಸಾಬೂನು ಬಂತು. ಮಿಠಾಯಿ ಎಂದು ಕಚ್ಚಿದಳು. ಬಾಯಿ ತುಂಬ ನೊರೆ, ಆದರೂ ಉಗುಳಲಿಲ್ಲ, ದೂರದಿಂದ ಬಂದದ್ದು ಎಂದು ನುಂಗಿಬಿಟ್ಟಳು! ನಾವು ನಕ್ಕು ನಕ್ಕು ನೆಲಕ್ಕೆ ಉರುಳಿದೆವು. ನನಗೆ ಬಂದದ್ದು ಈ ಗೊಂಬೆ. ಪಿಂಗಾಣಿ ಮುಖ, ನೀಲಿ ಕಣ್ಣು, ಮಲಗಿಸಿದರೆ ರೆಪ್ಪೆ ಮುಚ್ಚುತ್ತದೆ. ಕೊರಳಿಗೆ ಕಳಿಸಿದವಳ ಚೀಟಿ: ಎಡ್ನಾ, ಒಹಾಯೋ. ಆ ಊರು ಎಲ್ಲಿದೆ ಎಂದು ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಬೋರ್ಡಿಂಗಿನಲ್ಲಿ ಒಂದು ನಿಯಮವಿತ್ತು. ಕೊಟ್ಟವರಿಗೆ ಉಪಕಾರದ ಕಾಗದ ಬರೆಯುವವರೆಗೆ ಕೊಟ್ಟದ್ದು ನಮ್ಮದಲ್ಲ. ಕೈಯಲ್ಲಿ ಒಂದು ಗಳಿಗೆ ಹಿಡಿಸಿ, ವಾಪಸು ಇಸಿದುಕೊಂಡು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ಕಾಗದ ಬರೆದು, ಮಿಸ್ಸಮ್ಮ ಒಪ್ಪಿದ ಮೇಲೆ ಸಾಮಾನು ಕೈಗೆ. ಒಳ್ಳೆಯ ನಿಯಮ. ಈಗಿನ ಮಕ್ಕಳಿಗೆ ಅದೇ ಇಲ್ಲ.

ಹುಡುಗಿ ಕಣ್ಣು ಬಿಟ್ಟು ಗೊಂಬೆಯನ್ನೇ ನೋಡಿದಳು. ಬಂದಾಗಿನಿಂದ ಮೊದಲ ಸಲ ತಾನಾಗಿ ಕೇಳಿದಳು: "ಇದು ಯಾರದ್ರಿ?"

೧೪ ನವೆಂಬರ್, ಭಾನುವಾರ

ಜ್ವರ ಹೋಗಿದೆ. ಸುಗುಣಾ ಅ ಆ ಇ ಈ ಮುಗಿಸಿ ಒತ್ತಕ್ಷರಕ್ಕೆ ಬಂದಳು. ಬುದ್ಧಿ ಚುರುಕು, ಕೈ ಮಾತ್ರ ಕೋಳಿ ಕೆದರಿದ ಹಾಗೆ. ಅವಳ ಮಾತಿನಿಂದ ಮನೆ ಗದ್ದಲ. ಬಳೆಯ ಹೆಸರೆಲ್ಲ ಹೇಳುತ್ತಾಳೆ: ಹಸಿರು ಚುಕ್ಕಿ, ಚಾರಕಮಾನ, ರೇಶಿಮಿ. ಕಣ್ಣು ಮುಚ್ಚಿ ಬಳೆ ಅಲ್ಲಾಡಿಸಿದರೆ ಯಾವುದೆಂದು ಹೇಳಬಲ್ಲಳಂತೆ.

"ಊರಾಗ ಯಾರ ಕೈ ಎಷ್ಟು ದಪ್ಪ ಅಂತ ನಮ್ಮ ಅಬ್ಬಾಗ ಗೊತ್ತಿತ್ರಿ" ಎಂದಳು.

೩೦ ನವೆಂಬರ್, ಮಂಗಳವಾರ

ಗಲಭೆಗೆ ಮುಚ್ಚಿದ್ದ ನಮ್ಮ ಶಾಲೆ ತೆರೆಯಿತು. ಒಂಬತ್ತು ಮಕ್ಕಳು ಬಂದರು, ನನ್ನದು ಸೇರಿ.

೯ ಡಿಸೆಂಬರ್, ಗುರುವಾರ

ಮೀನು ಮಾರಲು ಬಂದ ಅಂಬಣ್ಣ ಬುಟ್ಟಿ ಇಳಿಸದೆಯೇ ಹೇಳಿದ: "ಬಾಯಾರ, ಮದೀನಾಬೀ ಅದಾಳ್ರಿ. ಯಾದಗಿರಿ ಟೇಶನ್ ಹಿಂದ ಕ್ಯಾಂಪು ಹಾಕ್ಯಾರಲ್ಲ, ಅಲ್ಲಿ. ಕೆಮ್ಮಾಕತ್ತಾಳ, ಮೈ ಬಿಸಿ ಅದ. ನಮ್ಮ ಮಂದಿ ಯಾರು ಕಂಡ್ರೂ ಕೂಸು ಕೂಸು ಅಂತ ಕೇಳ್ತಾಳಂತ. ಮಗಳು ನಿಮ್ಮ ಹಂತ್ಯಾಕ ಅದಾಳ ಅಂತ ಹೇಳಿಬಿಡ್ಲೇನ್ರಿ?"

ನಾನು ಒಲೆಯ ಮೇಲಿನ ಎಸರು ಉಕ್ಕಿತೆಂದು ಒಳಗೆ ಹೋದೆ. ಎಸರು ಇಟ್ಟೇ ಇರಲಿಲ್ಲ. ಹೊರಗೆ ಬಂದು ಹೇಳಿದೆ: "ಬ್ಯಾಡ ಅಂಬಣ್ಣ. ಹೇಳಿದ್ರ ಜ್ವರದಾಗ ಎದ್ದು ನಡಕೋತ ಬಂದಾಳು. ದಾರ್ಯಾಗ ಏನಾರ ಆದ್ರ? ಶಾಲಿ ಪರೀಕ್ಷೆ ಮುಗೀಲಿ, ನಾನಽ ಕರಕೊಂಡು ಬರ್ತೀನಿ."

"ನೀವು ಹೇಳಿದಂಗ್ರಿ" ಎಂದ. ಅವನಿಗೆ ಅಷ್ಟು ಸಮಾಧಾನ ಇದ್ದ ಹಾಗೆ ಕಾಣಲಿಲ್ಲ.

ನಾನು ಊಟದ ಬಿಡುವಿನಲ್ಲಿ ಮನೆಗೆ ಬಂದಿದ್ದೆ, ಸುಗುಣಾ ಶಾಲೆಯಲ್ಲಿಯೇ ಇದ್ದಳು. ಕೇಳಿಸಿಲ್ಲ.

೧೨ ಡಿಸೆಂಬರ್, ಭಾನುವಾರ

ಯೋಚಿಸಿ ನೋಡಿದೆ, ನಾನು ಹೇಳಿದ್ದೇ ಸರಿ. ಈಗಷ್ಟೇ ಮೈ ಹಿಡಿದ ಮಗುವನ್ನು ಕೆಮ್ಮಿನವಳ ಪಕ್ಕ ತಟ್ಟಿನ ಮೇಲೆ ಮಲಗಿಸುವುದೇ? ಆ ಮಂದಿಗೆ ನಾಳೆ ಎಲ್ಲಿ ಅನ್ನ ಎಂದು ಗೊತ್ತಿಲ್ಲ. ಇಲ್ಲಿ ಊಟ ಇದೆ, ಅಕ್ಷರ ಇದೆ. ಕ್ರಿಸ್‌ಮಸ್ ಒಂದು ಆಗಲಿ. ಪೀಪಾಯಿ ಬರುವುದು ನಿಂತು ಎಷ್ಟೋ ವರ್ಷವಾಯಿತು, ಮಿಸ್ಸಮ್ಮನೂ ಊರಿಗೆ ಹೋದಳು. ಈ ಮಗುವಿಗಾದರೂ ಒಂದು ಹಬ್ಬ ಸಿಗಲಿ. ಹದಿಮೂರು ದಿನದಲ್ಲಿ ಏನು ಮುಳುಗಿ ಹೋಗುತ್ತದೆ!

೧೯ ಡಿಸೆಂಬರ್, ಭಾನುವಾರ

ಗೊಂಬೆಯ ಅಂಗಿ ಜಿರಳೆ ತಿಂದಿತ್ತು. ನನ್ನ ಮದುವೆಯ ರವಿಕೆಯ ತೋಳು ಕತ್ತರಿಸಿ ಹೊಸದು ಹೊಲಿದೆ. ಅದೇ ಬಟ್ಟೆಯಲ್ಲಿ ನನ್ನ ಮಗಳಿಗೂ ಒಂದು ಲಂಗ. ಇಬ್ಬರಿಗೂ ಒಂದೇ ಬಣ್ಣ. ಕೂತು ಹೊಲಿಯುವಾಗ ಹಾಡು ಗುನುಗುತ್ತಿದ್ದೆನಂತೆ. ಭೀಮಾಬಾಯಿ ಗೋಡೆಯ ಆಚೆಯಿಂದ, "ಬಾಯಾರ ಹಾಡೂದು ನಾ ಇದಽ ಮೊದಲ ಕೇಳೂದು" ಎಂದಳು.

ಆಮೇಲೆ ದನಿ ತಗ್ಗಿಸಿ, "ಇಕಿ ಅವ್ವಂದು ಏನಾರ ಸುದ್ದಿ?" ಎಂದಳು.

ಇಲ್ಲ ಎಂದೆ.

೨೩ ಡಿಸೆಂಬರ್, ಗುರುವಾರ

ಸುಗುಣಾ ಪಕ್ಕದ ಮನೆಗೆ ಹೋಗಿದ್ದ ಹೊತ್ತಿಗೆ ಅಂಬಣ್ಣ ಮತ್ತೆ ಬಂದಿದ್ದ. ಇಂದು ಮೀನಿಲ್ಲ, ಎತ್ತಿನ ಬಂಡಿ. ದೋರನಹಳ್ಳಿಯಲ್ಲಿ ಯಾರದೋ ಜೋಳದ ಚೀಲ ಇಳಿಸಿ ಹೊಳೆಗೆ ಹೋಗುವವನು, ನನಗಾಗಿ ಸುತ್ತಿಕೊಂಡು ಬಂದಿದ್ದ.

"ಬಂಡಿ ಖಾಲಿ ಅದರಿ. ಈಗ ಹೊಂಟ್ರ ಸಂಜಿಕ ಹೊಳಿ ದಾಟಿಸ್ತೀನಿ. ಆಕಿ ಭಾಳ ಸೋತಾಳ್ರಿ ಬಾಯಾರ."

"ನಾಡದ್ದು ಹಬ್ಬ. ಹಬ್ಬ ಆಗ್ಲಿ. ಸೋಮವಾರ ನಾನಽ ಬರ್ತೀನಿ."

"ಹಬ್ಬ ನಿಮ್ಮದ್ರಿ. ಕೂಸು ಆಕೀದು."

ಇಷ್ಟು ವರ್ಷದಲ್ಲಿ ಅಂಬಣ್ಣ ನನಗೆ ಎದುರು ಮಾತು ಆಡಿದವನಲ್ಲ. ನನಗೆ ಸಿಟ್ಟು ಬಂತು. ನಿನಗೆ ಹೊತ್ತಾಗುತ್ತದೆ, ಹೋಗು ಎಂದು ಬಾಗಿಲು ಹಾಕಿಕೊಂಡೆ. ಬಂಡಿಯ ಸಪ್ಪಳ ಓಣಿ ತಿರುಗುವವರೆಗೆ ಬಾಗಿಲಿನ ಹಿಂದೆಯೇ ನಿಂತಿದ್ದೆ.

೨೫ ಡಿಸೆಂಬರ್, ಶನಿವಾರ

ಹಬ್ಬ ಚೆನ್ನಾಗಿ ಆಯಿತು. ಬೇವಿನ ಕೊಂಬೆ ನೆಟ್ಟೆ, ನಮ್ಮ ಬೋರ್ಡಿಂಗಿನ ಹಾಗೆಯೇ. "ಸುಗುಣಾ" ಎಂದು ಕೂಗಿದೆ. ಎದ್ದು ಬಂದು ಎರಡೂ ಕೈ ಚಾಚಿದಳು. ಗೊಂಬೆ ಕೈಗೆ ಬಿದ್ದ ಆ ಗಳಿಗೆಯ ಮುಖ! ನನ್ನ ಏಳು ವರ್ಷದ ಮುಖವೇ ಎದುರಿಗೆ ಬಂದು ನಿಂತಂತಾಯಿತು. ರೆಪ್ಪೆ ಮುಚ್ಚಿಸಿ, ತೆರೆಸಿ, ಮತ್ತೆ ಮುಚ್ಚಿಸಿ ನೋಡಿದಳು. ಆಮೇಲೆ ನಿಯಮ ಹೇಳಿ ಇಸಿದುಕೊಂಡು ಮೇಜಿನ ಮೇಲಿಟ್ಟೆ.

"ಕಾಗದ ಯಾರಿಗೆ ಬರೀಬೇಕ್ರಿ?"

"ಕೊಟ್ಟವ್ರಿಗೆ."

"ಕೊಟ್ಟಾಕಿ ನೀವು ಇಲ್ಲೇ ಅದೀರಿ. ನಾ ಅಮ್ಮೀಗೆ ಬರೀತೀನಿ. ಎಲ್ಲಿದ್ರೂ ಅಂಬಣ್ಣ ಮಾಮಾ ಒಯ್ದು ಮುಟ್ಟಿಸ್ತಾನ."

ಬೇಡ ಎನ್ನಲು ಏನು ಕಾರಣ ಕೊಡಲಿ? ಬರೆಯಲು ಕೂರಿಸಿದೆ. ಆರೇ ಸಾಲು. ಮೊದಲನೆಯದರಲ್ಲಿ ಮಸಿ ಚೆಲ್ಲಿತು, ಹರಿದೆ. ಎರಡನೆಯದರಲ್ಲಿ ಸಾಲು ಸೊಟ್ಟ. ಮೂರನೆಯದರಲ್ಲಿ ಮತ್ತೆ ಮಸಿ. ನಾಲ್ಕನೆಯದು ಶುದ್ಧವಾಯಿತು. ಅಷ್ಟರಲ್ಲಿ ಸಂಜೆ. ನನಗೂ ಮಿಸ್ಸಮ್ಮ ಹೀಗೇ ಮಾಡಿಸಿದ್ದಳು. ಎಡ್ನಾಳಿಗೆ ಕಾಗದ ಐದು ಸಲ ಬರೆದೆ. ಕೊನೆಗೆ, "ಅನ್ನಮ್ಮಾ, ಮುತ್ತು ಪೋಣಿಸಿದ ಹಾಗಿದೆ" ಎಂದು ಬೆನ್ನು ತಟ್ಟಿದ್ದಳು.

ಆ ದಿನ ಇನ್ನೊಂದು ನಡೆದಿತ್ತು. ಬಹಳ ವರ್ಷದಿಂದ ನೆನಪಾಗಿರಲಿಲ್ಲ. ನಾನು ಬರೆಯುತ್ತ ಕೂತಾಗ ಕಾವಲುಗಾರ ಬಂದು, "ಮಾನಮ್ಮನ ಅವ್ವ ಗೇಟಿನಾಗ ನಿಂತಾಳ್ರಿ" ಎಂದ. ಅಪ್ಪ ಆ ವರ್ಷದ ಜ್ವರದಲ್ಲಿ ಸತ್ತ ಮೇಲೆ ಅವ್ವ ನನ್ನನ್ನು ಅಲ್ಲಿ ಬಿಟ್ಟು ಹೋಗಿದ್ದಳು. ಮಿಸ್ಸಮ್ಮ, "ಕಾಗದ ಮುಗಿಸಿ ಹೋಗು" ಎಂದಳು. ಮುಗಿಸಿ, ಗೊಂಬೆ ಎತ್ತಿಕೊಂಡು, ಅವ್ವನಿಗೆ ತೋರಿಸಬೇಕೆಂದು ಓಡಿದೆ. ಕೊನೆಯ ಹರಗೋಲು ತಪ್ಪುತ್ತದೆಂದು ಹೋಗಿಬಿಟ್ಟಿದ್ದಳು. ಕಾವಲುಗಾರನ ಕೈಯಲ್ಲಿ ಒಂದು ಗಂಟು ಕೊಟ್ಟಿದ್ದಳು: ಹುರಿದ ಶೇಂಗಾ, ಒಂದು ಬೆಲ್ಲದ ಚೂರು. ಮತ್ತೆ ಅವಳು ಬರಲಿಲ್ಲ. ಇರಲಿ, ಹಳೆಯದು.

ಕಾಗದ ಈ ಪುಸ್ತಕದಲ್ಲಿಯೇ ಇಟ್ಟಿದ್ದೇನೆ. ಗೊಂಬೆಯನ್ನು ತಬ್ಬಿ ಮಲಗಿದ್ದಾಳೆ.

೨೬ ಡಿಸೆಂಬರ್, ಭಾನುವಾರ

ನಾಳೆ ಸುಗುಣಾಳನ್ನು ಭೀಮಾಬಾಯಿಯ ಹತ್ತಿರ ಬಿಟ್ಟು, ಯಾದಗಿರಿಗೆ ಒಬ್ಬಳೇ ಹೋಗಿ ಮೊದಲು ನೋಡಿಕೊಂಡು ಬರುತ್ತೇನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಷ್ಟು ದಿನ?

೨೮ ಡಿಸೆಂಬರ್, ಮಂಗಳವಾರ

ಮದೀನಾಬೀ ಸತ್ತಿದ್ದಾಳೆ. ಭಾನುವಾರ ನಸುಕಿನಲ್ಲಿ. ನಾನು ಮುಟ್ಟುವ ಹಿಂದಿನ ದಿನ.

ಟೇಶನ್ ಹಿಂದೆ ಹರಕು ಡೇರೆಗಳ ಸಾಲು. ಅವಳ ಡೇರೆಯಲ್ಲಿದ್ದ ಮುದುಕಿ ನನಗೆ ಜಾಗ ಕೊಟ್ಟು, ನೀರು ಕೊಟ್ಟಳು. ಅವರ ಹತ್ತಿರ ಇದ್ದದ್ದು ಅಷ್ಟೇ.

"ಶಹಾಪುರ ಕಡಿಂದ ಯಾರು ಬಂದ್ರೂ ಎದ್ದು ಕೂಡ್ತಿದ್ಲು ಬಾಯಿ. ಎಂಟು ವರ್ಷದ ಕೂಸು, ಎಡಗಲ್ಲದ ಮ್ಯಾಲ ಮಚ್ಚಿ ಅದ, ಕಂಡೀರೇನು ಅಂತ ಕೇಳ್ತಿದ್ಲು. ಶನಿವಾರ ಸಂಜಿತನಾ ಕೇಳಿದ್ಲು. ಅದಾಳ ಅಂತ ಯಾರಾರ ಒಂದು ಮಾತು ಹೇಳಿದ್ರ ಸಾಕಿತ್ತು, ಜೀವ ಹಗುರಾಗಿ ಹೋಗ್ತಿತ್ತು. ನೀವು ಆಕಿಗೆ ಏನಾಗಬೇಕ್ರಿ?"

ಶನಿವಾರ ಸಂಜೆ ನಾನು ನಾಲ್ಕನೇ ಕಾಗದ ತಿದ್ದುತ್ತಿದ್ದೆ.

ಮುದುಕಿ ಒಂದು ಚಿಂದಿ ಗಂಟು ಕೊಟ್ಟಳು. ಒಳಗೆ ಆರು ಹಸಿರು ಬಳೆ, ಚಿಕ್ಕ ಕೈಯದು. ಮನೆಯಿಂದ ಓಡುವಾಗ ಮಗಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡದ್ದಂತೆ. ಮೂರು ತಿಂಗಳಲ್ಲಿ ಒಂದೂ ಒಡೆಯದ ಹಾಗೆ ಕಾಪಾಡಿದ್ದಳು. ರಾಯಚೂರಿನಲ್ಲಿ ಮದೀನಾಬೀಯ ಅಣ್ಣ ಇದ್ದಾನೆ ಎಂದೂ ಹೇಳಿ, ಮೊಹಲ್ಲೆಯ ಹೆಸರು ಕೊಟ್ಟಳು.

ವಾಪಸು ಬರುವಾಗ ಹರಗೋಲದಲ್ಲಿ ಅಂಬಣ್ಣ ಹುಟ್ಟು ಹಾಕುತ್ತಿದ್ದ. ನಾನೇ ಹೇಳಿದೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಡುಹೊಳೆಯಲ್ಲಿ ನನಗೆ ಅಳು ಬಂತು, ಮದೀನಾಬೀಗಾಗಿಯೋ ಅವ್ವನಿಗಾಗಿಯೋ ತಿಳಿಯಲಿಲ್ಲ. ಆ ಶೇಂಗಾ ನಾನು ಹುಡುಗಿಯರಿಗೆಲ್ಲ ಹಂಚಿಬಿಟ್ಟಿದ್ದೆ. ಒಂದು ಕಾಳೂ ಬಾಯಿಗೆ ಹಾಕಿರಲಿಲ್ಲ. ನನ್ನ ಕೈಯಲ್ಲಿ ಗೊಂಬೆ ಇತ್ತಲ್ಲ!

೩೦ ಡಿಸೆಂಬರ್, ಗುರುವಾರ

ಇಂದು ಹೇಳಿದೆ. ಎರಡು ದಿನ ಬಾಯಿ ಬರಲಿಲ್ಲ. ಮುಂಜಾನೆ ತಲೆ ಬಾಚಿ, ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ, ಒಂದನ್ನೂ ಮುಚ್ಚಲಿಲ್ಲ.

ಆಮೇಲೆ ಕೇಳಿದಳು: "ನಾ ಇಲ್ಲಿದ್ದದ್ದು ಅಮ್ಮೀಗೆ ಗೊತ್ತಿತ್ತೇನ್ರಿ?"

"ಇಲ್ಲವಾ."

"ಅಮ್ಮೀ ಅಲ್ಲಿದ್ದದ್ದು ನಿಮಗ?"

"ಗೊತ್ತಿತ್ತು. ನಾ ಹೇಳಲಿಲ್ಲ. ನಿನ್ನ ಕಳಸಾಕ ಮನಸ್ಸಾಗಲಿಲ್ಲ ನನಗ."

ಅಳಲಿಲ್ಲ. ಎದ್ದು ಹೋಗಿ ಗೊಂಬೆ ತಂದಳು. ಹೊಸ ಅಂಗಿ ಸರಿಮಾಡಿ, ಪೆಟ್ಟಿಗೆಯಲ್ಲಿ ಮಲಗಿಸಿದಳು. ಅದರ ಕಣ್ಣು ಮುಚ್ಚಿತು. ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟಳು.

"ಕಾಗದ ಮುಟ್ಟಲಿಲ್ಲಲ್ರಿ. ಇದು ನಂದಲ್ಲ."

ಬಳೆಯ ಗಂಟು ಬಿಚ್ಚಿ ಅವಳ ಮಡಿಲಲ್ಲಿ ಇಟ್ಟೆ. ನೋಡಿದ ಕೂಡಲೇ ಗುರುತು ಹಿಡಿದಳು. ಮುಟ್ಟಲು ಕೈ ಚಾಚಿದವಳು ತಡೆದು, ನನ್ನ ಮುಖ ನೋಡಿ ಕೇಳಿದಳು: "ಇವಕ್ಕೂ ಕಾಗದ ಬರೀಬೇಕೇನ್ರಿ?"

"ಬ್ಯಾಡವಾ. ಇವು ನಿನ್ನವಽ" ಎಂದೆ. ಸಾಬೂನು ನೀರು ತಂದೆ. ನನ್ನ ಕೈಯಿಂದ ಇಡಿಸಿಕೊಳ್ಳಲಿಲ್ಲ. ತಾನೇ ಹಚ್ಚಿಕೊಂಡು, ಒಂದೊಂದಾಗಿ, ನೋಯದ ಹಾಗೆ ಏರಿಸಿಕೊಂಡಳು. ಆರನೆಯದು ಏರಿದ ಮೇಲೆ ಕೈಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಆಗ ಅತ್ತಳು.

೩ ಜನವರಿ ೧೯೪೯, ಸೋಮವಾರ

ಮದೀನಾಬೀಯ ಮಗಳು ಚಾಂದಬೀ ನನ್ನ ಹತ್ತಿರ ಸುಖವಾಗಿದ್ದಾಳೆ, ಬಂದು ಕರೆದುಕೊಂಡು ಹೋಗಿರಿ ಎಂದು ರಾಯಚೂರಿನ ಸೋದರಮಾವನಿಗೆ ಬರೆದೆ. ಭೀಮಾಬಾಯಿಗೂ ನಿಜವಾದ ಹೆಸರು ಹೇಳಿದೆ. "ನನಗ ಅಂದಽ ಗೊತ್ತಿತ್ತು" ಎಂದಳು.

ಕಾಗದದ ನಡುವೆ ಮಸಿ ಚೆಲ್ಲಿತು, ಹುಡುಗಿಯ ಹೆಸರಿನ ಪಕ್ಕದಲ್ಲಿಯೇ, ದೊಡ್ಡದಾಗಿ. ಓಣಿಯ ತುದಿಯಲ್ಲಿ ಟಪಾಲು ಒಯ್ಯುವ ಬಂಡಿ ನಿಂತಿತ್ತು. ತಿದ್ದಿ ಬರೆಯಲಿಲ್ಲ. ಹಾಗೆಯೇ ಮಡಚಿ ಹಾಕಿ ಬಂದೆ.